ಗರಸು ದಿಬ್ಬದ ದ್ರಾಕ್ಷಾರಸ

ಲಿಂಗಸುಗೂರಿನ ಹೊರಗೆ, ಕಲ್ಲುಹರಳಿನ ಗರಸು ಮಣ್ಣಿನ ದಿಬ್ಬದ ಮೇಲೆ, ಇಟಲಿಯಿಂದ ಬಂದ ಪಾದ್ರಿಯೊಬ್ಬರು ಕಪ್ಪು ದ್ರಾಕ್ಷಿ ಬೆಳೆಸಿದ್ದರು. ನಿಜಾಮರ ಆಳ್ವಿಕೆಯ ಕಾಲ. ಚರ್ಚಿನ ಪೂಜೆಗೆ ಬೇಕಾದ ಕೆಂಪು ದ್ರಾಕ್ಷಾರಸವನ್ನು ಅವರು ಅಲ್ಲಿಯೇ ಮಾಡುತ್ತಿದ್ದರು. ತೋಟ ನೋಡಿಕೊಳ್ಳುತ್ತಿದ್ದವರು ನಾನು ಮತ್ತು ನನ್ನ ಗಂಡ. ನಾವು ಅವರ ಧರ್ಮದವರಲ್ಲ. ಆ ರಸವನ್ನು ನಾನು ಬಾಯಿಗಿಟ್ಟವಳೂ ಅಲ್ಲ. ಆದರೂ ಬಳ್ಳಿ ಕತ್ತರಿಸುವುದರಿಂದ ಹಿಡಿದು ಪೀಪಾಯಿ ತುಂಬುವವರೆಗೆ ಎಲ್ಲವೂ ನನಗೆ ಬರುತ್ತಿತ್ತು.

ಬಾವಿಯ ಹತ್ತಿರದ ಎರೆ ಮಣ್ಣಿನಲ್ಲೂ ಒಂದಿಷ್ಟು ಬಳ್ಳಿಗಳಿದ್ದವು. ಅಲ್ಲಿಯ ಗೊನೆ ದಪ್ಪ, ಹಣ್ಣು ಮಾತ್ರ ನೀರುನೀರು. ಪಾದ್ರಿಗಳು ಅದನ್ನು ತಿನ್ನಲು ಕೊಡುತ್ತಿದ್ದರು, ರಸಕ್ಕೆ ಸೇರಿಸುತ್ತಿರಲಿಲ್ಲ.

“ನಮ್ಮ ಕಡೆ ಒಂದೊಂದು ಗುಡ್ಡದ ರಸಕ್ಕ ಒಂದೊಂದು ರುಚಿ ಐತಿ, ತಂಗಿ. ಎರಡು ಕೂಡಿಸಿದ್ರ ಎರಡೂ ಕೆಡತಾವ,” ಎನ್ನುತ್ತಿದ್ದರು. ನಮ್ಮ ಮಾತನ್ನು ಅವರು ನಮ್ಮಂತೆಯೇ ಆಡುತ್ತಿದ್ದರು.

ಯುದ್ಧ ಬಂದು ಇಟಲಿ ಇಂಗ್ಲಿಷರಿಗೆ ವೈರಿಯಾಯಿತು. ಹಣ್ಣು ಬಣ್ಣಕ್ಕೆ ತಿರುಗುವ ಹೊತ್ತಿಗೆ ಪೊಲೀಸರು ಪಾದ್ರಿಗಳನ್ನು ದೂರದ ಶಿಬಿರಕ್ಕೆ ಕರೆದೊಯ್ದರು. ನನ್ನ ಗಂಡ ಹೆದರಿದ.

“ಹಣ್ಣೆಲ್ಲಾ ಸಂತಿಗೆ ಒಯ್ದು ಬಿಡೂಣು. ರಸದ ಉಸಾಬರಿ ನಮಗ್ಯಾಕ?”

“ನನಗ ಮಾಡಾಕ ಬರತೈತಿ. ನೀ ಬುಟ್ಟಿ ತಾ,” ಎಂದೆ.

ಬಿಸಿಲೇರುವ ಮೊದಲೇ ಹಣ್ಣು ಕೊಯ್ದೆವು. ದಿಬ್ಬದ ಹಣ್ಣು ಕಡಿಮೆಯಿತ್ತು. ಎರೆಯದನ್ನೂ ಸೇರಿಸೋಣವೆಂದ ಗಂಡನಿಗೆ ಬೇಡವೆಂದೆ. ದೊಡ್ಡ ಕಟ್ಟಿಗೆಯ ತೊಟ್ಟಿಯಲ್ಲಿ ತುಳಿದು, ಸಿಪ್ಪೆ ಸಮೇತ ಹುಳಿಯಲು ಬಿಟ್ಟೆವು. ಕೆಂಪು ಬಣ್ಣ ಬರುವುದೇ ಸಿಪ್ಪೆಯಿಂದ. ಅದು ಉಬ್ಬಿ ಮೇಲೆ ಬಂದಾಗಲೆಲ್ಲ ಕೋಲಿನಿಂದ ಒಳಗೆ ಅದುಮುತ್ತಿದ್ದೆ. ಗುಳುಗುಳು ಸದ್ದು ಅಡಗಿ, ಸಿಹಿ ವಾಸನೆ ಹೋಗಿ ಘಾಟು ವಾಸನೆ ಬಂದ ಮೇಲೆ ಸೋಸಿ ಪೀಪಾಯಿಗೆ ತುಂಬಿದೆ. ಗಸಿ ಕೆಳಗಿಳಿದ ನಂತರ ತಿಳಿಯನ್ನಷ್ಟೇ ಇನ್ನೊಂದು ಪೀಪಾಯಿಗೆ ಬಗ್ಗಿಸಿದೆ.

ಅಷ್ಟರಲ್ಲಿ ಸುದ್ದಿ ಹಬ್ಬಿ ಅಬಕಾರಿ ದಾರೋಗಾ ಬಂದರು.

“ಪಾದ್ರಿ ಇಲ್ಲ. ಶರಾಬು ಯಾರು ಮಾಡಾಕತ್ತೀರಿ?”

“ನಾನ ರೀ ಸಾಹೇಬರ. ಇದು ಪೂಜಾಕ್ಕ. ಮಾಡಾಕ ಇಜಾಜತ್ ಇರೋದು ಚರ್ಚಿಗೆ. ಪಾದ್ರಿಗೋಳು ಹೋಗ್ಯಾರ, ಚರ್ಚು ಇಲ್ಲೇ ಐತಲ್ರಿ.”

ಅವರು ನನ್ನನ್ನೇ ನೋಡಿದರು, ಆಮೇಲೆ ನಕ್ಕರು. ಪೀಪಾಯಿಗೆ ಸರಕಾರದ ಮೊಹರು ಹಾಕಿಸಿ, “ಪಾದ್ರಿ ಬರೋತನಕ ಇದನ್ನ ತೆಗಿಯೋಹಂಗಿಲ್ಲ,” ಎಂದು ಹೊರಟುಹೋದರು.

ಯುದ್ಧ ಮುಗಿಯಲು ವರ್ಷಗಳೇ ಬೇಕಾದವು. ಆ ವರ್ಷಗಳ ಹಣ್ಣೆಲ್ಲ ಸಂತೆಗೆ ಹೋಯಿತು. ಬೇಸಿಗೆ ಬಂದಾಗಲೆಲ್ಲ ತೊಯ್ಸಿದ ಗೋಣಿಚೀಲ ಹೊದಿಸಿ ಪೀಪಾಯಿಯನ್ನು ತಂಪಾಗಿಟ್ಟೆ. ಕೆಟ್ಟೀತೆಂಬ ಚಿಂತೆ ಗಂಡನಿಗಿತ್ತು, ನನಗಿರಲಿಲ್ಲ; ಗಾಳಿ ಹೋಗದಂತೆ ಅದನ್ನು ಬಾಯಿತನಕ ತುಂಬಿದ್ದೆ.

ಪಾದ್ರಿಗಳು ಮರಳಿದಾಗ ಗಡ್ಡ ಬೆಳ್ಳಗಾಗಿತ್ತು. ದಾರೋಗಾ ಅವರ ಎದುರಿನಲ್ಲೇ ಮೊಹರು ಒಡೆದು, ಗಾಜಿನ ಲೋಟಕ್ಕೆ ಬಗ್ಗಿಸಿ ಬೆಳಕಿಗೆ ಹಿಡಿದರು. ಒಂದು ಗುಟುಕು ಕುಡಿದರು.

“ಸಿಪ್ಪಿ ಭಾಳ ದಿನ ಬಿಟ್ಟೀ, ತಂಗಿ. ನಾ ಆಗಿದ್ರ ಇನ್ನೂ ಮೊದಲ ಸೋಸ್ತಿದ್ದೆ.”

“ಆ ವರ್ಷ ಹಣ್ಣಿಗೆ ಬಣ್ಣ ಕಮ್ಮಿ ಇತ್ತು ರೀ. ಇದ್ದದ್ದೆಲ್ಲಾ ರಸಕ್ಕ ಇಳೀಲಿ ಅಂತ ಬೇಕಂತಲೇ ಬಿಟ್ಟಿದ್ದೆ.”

ಅವರು ಇನ್ನೊಂದು ಗುಟುಕು ಕುಡಿದರು. “ಮೊದಲ ಒಗರು ಇದ್ದಿರಬೇಕು, ಈಗ ಮೆತ್ತಗಾಗೇತಿ. ಛಲೋ ಆಗೇತಿ,” ಎಂದು ಲೋಟ ಬರಿದು ಮಾಡಿದರು.

ಮುಂದಿನ ಸುಗ್ಗಿಯಲ್ಲಿ ತೊಟ್ಟಿಯ ಪಕ್ಕ ನಿಂತು, ಯಾವಾಗ ಸೋಸೋಣ ಎಂದು ಅವರೇ ನನ್ನನ್ನು ಕೇಳಿದರು.