ಏಸಿ ಚಾಚಾ ಮತ್ತು ಇಪ್ಪತ್ನಾಲ್ಕು ಡಿಗ್ರಿ

ಹೋದ ವಾರ ಖಾನಾಪುರದಿಂದ ಬೆಳಗಾವಿಗೆ ಬರುವಾಗ ರಸ್ತೆಯ ಬದಿಯಲ್ಲಿ ಒಂದು ಕಾರು ಬಾನೆಟ್ ಎತ್ತಿಕೊಂಡು ನಿಂತಿತ್ತು. ಒಳಗಿನಿಂದ ಬಿಳಿ ಹಬೆ ಏಳುತ್ತಿತ್ತು. ಅದನ್ನು ದಾಟುವಾಗ ನಮ್ಮ ಕಾರಿನೊಳಗೂ ವಾಸನೆ ನುಗ್ಗಿತು. ಬೆಲ್ಲದ ಪಾಕ ತಳ ಹತ್ತಿದ ಹಾಗೆ ಸಿಹಿಯಾದ, ಗಂಟಲಿಗೆ ಅಂಟಿಕೊಳ್ಳುವ ವಾಸನೆ. ಎಂಜಿನ್ ಕಾಯದಿರಲೆಂದು ಹಾಕುವ ಕೂಲಂಟ್ ನೀರಿನದು. ಪಕ್ಕದ ಸೀಟಿನಲ್ಲಿದ್ದ ನಮ್ಮ ಮನೆಯವರು, "ಚಾಚಾನ ಅಂಗಡಿ ವಾಸನಿ," ಎಂದರು. ಆ ವಾಸನೆ ಬಂದಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಯಾರ ಮೇಲೆ ಎಂದು ಇನ್ನೂ ಗೊತ್ತಿಲ್ಲ...

ಮನೆಯವರು ಲೈನ್‌ಮನ್ ಆಗಿದ್ದರು. ಕಂಬದಿಂದ ಬಿದ್ದು ಕುತ್ತಿಗೆಯ ಕೆಳಗೆ ಬೆನ್ನುಹುರಿಗೆ ಪೆಟ್ಟಾಯಿತು. ಎದೆಯಿಂದ ಕೆಳಗೆ ಏನೂ ತಿಳಿಯುವುದಿಲ್ಲ. ನಡಿಗೆ ಹೋಯಿತು ಎಂಬುದು ಎಲ್ಲರಿಗೂ ಕಾಣುತ್ತದೆ. ಬೆವರು ಹೋಯಿತು ಎಂಬುದು ಯಾರಿಗೂ ಕಾಣುವುದಿಲ್ಲ. ಬಿಸಿಲಾದರೆ ಅವರ ಮೈ ಬೆವರುವುದಿಲ್ಲ, ಚಳಿಯಾದರೆ ನಡುಗುವುದಿಲ್ಲ. ಹೊರಗಿನ ಹವೆ ಹೇಗೋ ಮೈಯೂ ಹಾಗೆ ಏರುತ್ತದೆ, ಇಳಿಯುತ್ತದೆ. "ಇವರನ್ನ ಕಾಯೂ ಕೆಲಸ ಈಗ ಇವರ ಮೈ ಮಾಡೂದಿಲ್ಲ, ನೀವು ಮಾಡಬೇಕು," ಎಂದು ವೈದ್ಯರು ಹೇಳಿ ಕಳಿಸಿದ್ದರು.

ಹಾಗಾಗಿಯೇ ಆ ಹಳೆಯ ಕಾರನ್ನು ಕೊಂಡೆವು. ಅದರಲ್ಲಿ ಹವೆ ತಾನಾಗಿಯೇ ಹದವಾಗುವ ಏರ್ಪಾಡು ಇತ್ತು. ಇಪ್ಪತ್ನಾಲ್ಕು ಡಿಗ್ರಿ ಎಂದು ಒತ್ತಿ 'ಆಟೋ' ಗುಂಡಿ ಅದುಮಿದರೆ ಮಿಕ್ಕಿದ್ದನ್ನು ಕಾರೇ ನೋಡಿಕೊಳ್ಳುತ್ತದೆ ಎಂದರು. ನಾನು ಖಾನಾಪುರದಲ್ಲಿ ಶಾಲೆಯ ಶಿಕ್ಷಕಿ. ವಾರಕ್ಕೆರಡು ದಿನ ಅರ್ಧ ರಜೆ ಹಾಕಿ, ಅವರನ್ನು ಎತ್ತಿ ಸೀಟಿಗೆ ಹಾಕಿಕೊಂಡು ಬೆಳಗಾವಿಯ ಫಿಜಿಯೋಥೆರಪಿಗೆ ಕರೆತರುತ್ತಿದ್ದೆ. ಏಳೆಂಟು ತಿಂಗಳು ಕಾರು ಹೇಳಿದಂತೆ ಕೇಳಿತು.

ಆಮೇಲೆ ಒಂದು ದಿನ ದಾರಿಯುದ್ದಕ್ಕೂ ಮಂಜಿನಂಥ ಗಾಳಿ ಉಗುಳತೊಡಗಿತು. ತೆರೆಯ ಮೇಲೆ ಇಪ್ಪತ್ನಾಲ್ಕು ಎಂದೇ ಇದೆ, ನನ್ನ ಬೆರಳು ಸ್ಟೀರಿಂಗ್ ಮೇಲೆ ಮರಗಟ್ಟುತ್ತಿವೆ. ಇಪ್ಪತ್ತೆಂಟಕ್ಕೆ ಏರಿಸಿದರೂ ಅಷ್ಟೇ. ಪೂರ್ತಿ ಆರಿಸಿದರೆ ಹತ್ತು ನಿಮಿಷದಲ್ಲಿ ಕಾರು ಒಲೆ. ಮನೆಯವರನ್ನು ಕೇಳಿದರೆ "ಆರಾಮ ಐತಿ" ಎನ್ನುತ್ತಿದ್ದರು. ಮೈ ಎಷ್ಟು ತಣ್ಣಗಾಗಿದೆ ಎಂದು ಅವರಿಗೆ ತಿಳಿಯುವುದೇ ಇಲ್ಲವಲ್ಲ! ಫಿಜಿಯೋಥೆರಪಿಯ ಹುಡುಗಿ ಅವರ ಕೈ ಹಿಡಿದವಳೇ ಗಾಬರಿಯಾಗಿ ಎರಡು ಕಂಬಳಿ ಹೊದಿಸಿದಳು.

ಕಾರಿನ ಸರ್ವಿಸ್ ಸೆಂಟರಿಗೆ ಮೂರು ಸಲ ಹೋದೆ. ಮೂರು ಸಲವೂ ಅವರು ಒಂದು ಡಬ್ಬಿಯ ವೈರು ಚುಚ್ಚಿ, "ಸ್ಕ್ಯಾನರ್‌ದಾಗ ಏನೂ ಎರರ್ ಇಲ್ರಿ ಮೇಡಮ್," ಎಂದರು. ಮೂರನೆಯ ಸಲ ಅಲ್ಲಿದ್ದವನು ನಗುತ್ತ, "ನೀವು ಸ್ವಿಚ್ ಭಾಳ ಒತ್ತತೀರಿ. ಆಟೋದಾಗ ಹಾಕಿ ಸುಮ್ಮನ ಬಿಡ್ರಿ," ಎಂದ. ಅವನ ಟೇಬಲ್ಲಿನ ಮೇಲಿದ್ದ ಕಾಗದ ಎಲ್ಲವನ್ನೂ ಹರಿದು ಹಾಕಬೇಕೆನಿಸಿತು. ಕಾರು ತನ್ನಲ್ಲಿ ತಪ್ಪಿಲ್ಲ ಎನ್ನುತ್ತದೆ, ಆದ್ದರಿಂದ ತಪ್ಪಿಲ್ಲ. ಪಕ್ಕದಲ್ಲಿ ಒಬ್ಬ ಮನುಷ್ಯ ತಣ್ಣಗಾಗುತ್ತಿದ್ದಾನೆ ಎಂಬುದು ಲೆಕ್ಕಕ್ಕಿಲ್ಲ.

ಬೆಳಗಾವಿಯ ಗ್ಯಾರೇಜುಗಳ ಬೀಡಾದ ಆಟೋ ನಗರದಲ್ಲಿ ಕಾರಿನ ಏಸಿ ರಿಪೇರಿ ಮಾಡುವ ಏಸಿ ಚಾಚಾನ ಹೆಸರು ಹೇಳಿದವಳು ಅದೇ ಫಿಜಿಯೋಥೆರಪಿಯ ಹುಡುಗಿ. ಎಲ್ಲರೂ ಅವರನ್ನು ಕರೆಯುತ್ತಿದ್ದುದು ಹಾಗೆಯೇ. ತಗಡಿನ ಶೆಡ್ಡು, ಬಾಜುವಿಗೆ ಪೇಂಟಿಂಗ್ ಅಂಗಡಿ. ಎತ್ತರದ, ಬಡಕಲು ಮನುಷ್ಯ, ಮೆಹೆಂದಿ ಹಚ್ಚಿದ ಗಡ್ಡ. ಮನೆಯವರನ್ನು ಥೆರಪಿಗೆ ಬಿಟ್ಟು, ಸಿಗುವ ಎರಡು ಗಂಟೆಯಲ್ಲಿ ನಾನು ಅಲ್ಲಿಗೆ ಓಡಿದೆ. ಚಾಚಾ ಕಾರಿನ ಕಡೆ ನೋಡಲೂ ಇಲ್ಲ.

"ಕುಂದರ್ರಿ ಬಾಯಾರ. ಮೊದಲ ಏನೇನಾತು ಹೇಳ್ರಿ. ಸಾವಕಾಶ ಹೇಳ್ರಿ."

ನನಗೆ ಸಾವಕಾಶವೇ ಇರಲಿಲ್ಲ. ಆದರೂ ಹೇಳಿದೆ. ಆಮೇಲೆ ಅವರು ಹಾಲಿನ ಡೇರಿಯಲ್ಲಿ ಬಳಸುವಂಥ ಉದ್ದನೆಯ ಥರ್ಮಾಮೀಟರ್ ತಂದು ಗಾಳಿ ಬರುವ ಕಿಂಡಿಯಲ್ಲಿ ತೂರಿಸಿ ಕಾಯುತ್ತ ನಿಂತರು. ಬಾನೆಟ್ಟಿನ ಕೆಳಗಿನ ತಣ್ಣನೆಯ ಪೈಪಿಗೆ ಕೆನ್ನೆ ಒತ್ತಿದರು. ಇದೇನು ವಿಚಿತ್ರ, ಕೈ ಇಲ್ಲವೇ ಇವರಿಗೆ ಎಂದುಕೊಂಡೆ.

ಕೊನೆಗೆ ದಿನಪತ್ರಿಕೆಯ ಒಂದು ಚೂರು ಹರಿದು ಸ್ಟೀರಿಂಗ್ ಪಕ್ಕದ ಸಣ್ಣ ಜಾಲರಿಗೆ ಹಿಡಿದರು. ನಾಲ್ಕಾಣೆ ಗಾತ್ರದ ಜಾಲರಿ. ಅಷ್ಟು ದಿನ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಚೂರು ಕೆಳಗೆ ಬಿತ್ತು. ಮತ್ತೆ ಹಿಡಿದರು. ಮತ್ತೆ ಬಿತ್ತು.

"ಸಿಕ್ತು," ಎಂದರು. "ಇದು ಕಾರಿನ ಮೂಗು. ಒಳಗಿನ ಗಾಳಿ ಎಳಕೊಂಡು ಎಷ್ಟು ಬಿಸಿ ಐತಿ ಅಂತ ನೋಡತೈತಿ. ಕಾಗದ ಅಂಟಿಕೋಬೇಕಿತ್ತು. ಅಂಟವಲ್ತು. ಅಂದ್ರ ನಳಿಗಿ ಕಳಚೈತಿ."

ಸ್ಟೀರಿಂಗ್ ಕೆಳಗೆ ತಲೆಕೆಳಗಾಗಿ ಮಲಗಿ, ಟಾರ್ಚು ಹಲ್ಲಿನಲ್ಲಿ ಕಚ್ಚಿಕೊಂಡು ಹುಡುಕಿದರು. ಹಿಂದೆ ಯಾರೋ ಡ್ಯಾಶ್‌ಬೋರ್ಡ್ ಬಿಚ್ಚಿ ಜೋಡಿಸುವಾಗ ಜಾಲರಿಯ ಹಿಂದಿನ ನಳಿಕೆಯನ್ನು ಅರೆಬರೆ ಸಿಕ್ಕಿಸಿದ್ದರು, ಕುಲುಕಾಟಕ್ಕೆ ಅದು ಈಗ ಕಳಚಿಕೊಂಡಿತ್ತು. ಕಾರು ನಾವು ಕೂತ ಜಾಗದ ಗಾಳಿಯ ಬದಲು ಎಂಜಿನ್ ಗೋಡೆಯ ಹತ್ತಿರದ ಕಾದ ಗಾಳಿಯನ್ನು ಮೂಸುತ್ತಿತ್ತು. ಒಳಗೆಲ್ಲ ಭಾರೀ ಸೆಖೆ ಎಂದು ನಂಬಿ ನಮ್ಮನ್ನು ತಂಪು ಮಾಡುತ್ತಲೇ ಇತ್ತು.

ನಳಿಕೆ ಸಿಕ್ಕಿಸಿ ಮೇಲೆದ್ದವರು ನಾನು ಗಡಿಯಾರ ನೋಡುತ್ತಿದ್ದರೂ ಬಿಡದೆ ವಿವರಿಸಿದರು. "ಕಾರಿನ್ಯಾಗ ಬಿಸಿನೂ ಇರತೈತಿ, ಥಂಡಿನೂ ಇರತೈತಿ. ಎಂಜಿನ್ ನೀರು ಬಿಸಿ ಕೊಡತೈತಿ, ಏಸಿ ಥಂಡಿ ಕೊಡತೈತಿ. ನಡುವ ಒಂದು ಬಾಗಿಲಾ. ಜಳಕದ ನೀರು ಹದಾ ಮಾಡೂದಿಲ್ಲೇನ್ರಿ ನೀವು, ಹಂಡೇದು ಒಂದು ಚರಿಗಿ, ತಣ್ಣಂದು ಒಂದು ಚರಿಗಿ? ಹಂಗ. ಮೂಗು ಒಳಗಿಂದು ಹೇಳತೈತಿ, ಮುಂದಿನ ಬಂಪರ್‌ದಾಗ ಒಂದು ಹೊರಗಿಂದು ಹೇಳತೈತಿ, ಗ್ಲಾಸ್ ಕೆಳಗ ಒಂದು ಕಣ್ಣು ಬಿಸಿಲ ಎಷ್ಟೈತಿ ಹೇಳತೈತಿ. ಮೂರೂ ಕೇಳಿ ಬಾಗಿಲಾ ಎಷ್ಟು ತಗೀಬೇಕು, ಫ್ಯಾನ್ ಎಷ್ಟು ತಿರಗಬೇಕು ಅಂತ ಕಂಪ್ಯೂಟರ್ ನಿರ್ಧಾರ ಮಾಡತೈತಿ. ಸುಳ್ಳು ಸುದ್ದಿ ಕೊಟ್ರ ಅದೇನು ಮಾಡೀತು ಪಾಪ?"

ಅಂದು ಮರಳಿ ಹೋಗುವಾಗ ಕಾರು ಹದವಾಗಿತ್ತು. ಖಾನಾಪುರದವರೆಗೂ ಮನೆಯವರ ಕುತ್ತಿಗೆಗೆ ಮತ್ತೆ ಮತ್ತೆ ಕೈ ಇಟ್ಟು ನೋಡಿದೆ.

ಮೇ ತಿಂಗಳ ಒಂದು ಮಂಗಳವಾರ ಕಾರು ಮತ್ತೆ ಕೈಕೊಟ್ಟಿತು. ಈ ಸಲ ತದ್ವಿರುದ್ಧ. ಡ್ಯಾಶ್‌ಬೋರ್ಡಿನ ಹಿಂದೆ ಟಕ್ ಟಕ್ ಸದ್ದು, ಕಿಂಡಿಗಳಿಂದ ಬೆಂಕಿಯಂಥ ಗಾಳಿ. ಕಿಟಕಿ ಇಳಿಸಿದರೆ ಹೊರಗಿನದೂ ಅಂಥದೇ. ಬಾಟಲಿಯ ನೀರನ್ನು ಅವರ ತಲೆಯ ಮೇಲೆ ಸುರಿಯುತ್ತ ಬೆಳಗಾವಿ ಮುಟ್ಟಿದೆ. ಅವರ ಮುಖ ಕೆಂಪೇರಿ ಮಾತು ತೊದಲುತ್ತಿತ್ತು. ಥೆರಪಿಯವರು ಫ್ಯಾನ್ ಕೆಳಗೆ ಮಲಗಿಸಿ ಒದ್ದೆ ಬಟ್ಟೆ ಹಾಕಿದರು. ಮೈಯ ಕಾವು ಇಳಿದು ಅವರು ಸರಿಯಾಗಿ ಮಾತಾಡುವವರೆಗೆ ಕಾದು, ಕಾರು ತೆಗೆದುಕೊಂಡು ಆಟೋ ನಗರಕ್ಕೆ ಬಂದೆ. ಅದೇ ಕಾರಿನಲ್ಲಿ ಅವರನ್ನು ಮನೆಗೆ ಒಯ್ಯಬೇಕಿತ್ತು.

ಅಂಗಡಿಯ ಮುಂದೆ ನಾಲ್ಕು ಕಾರು ನಿಂತಿದ್ದವು. ನಾನು ಸಾಲನ್ನು ನೋಡಲೇ ಇಲ್ಲ. ಸಿಟ್ಟೆಲ್ಲ ಚಾಚಾನ ಮೇಲೆ ತಿರುಗಿತು. ನೀವು ಮಾಡಿದ ರಿಪೇರಿ ಇದೇನಾ, ಅವರಿಗೆ ಏನಾದರೂ ಆಗಿದ್ದರೆ ಯಾರು ಹೊಣೆ, ಎಂದು ನಾಲ್ಕು ಜನರ ಮುಂದೆ ಕೂಗಾಡಿದೆ. ಅವರು ಬಾನೆಟ್ ಎತ್ತಿದರು.

"ಹೀಟರಿಗೆ ಹೋಗೂ ಎರಡು ಪೈಪ್ ಅದಾವು. ಎರಡೂ ಒಂದಽ ನಮೂನಿ ಕಾದಿದ್ರ ನೀರಿಂದೇನೂ ತಪ್ಪಿಲ್ಲ, ಬಾಗಿಲಾನಽ ಸಿಕ್ಕಾಕೊಂಡೈತಿ. ತಡೀರಿ, ಥರ್ಮಾಮೀಟರ್ ತರತೇನಿ," ಎಂದು ಒಳಗೆ ಹೊರಟರು.

"ಅದನ್ನ ಯಾಕ ತರಾಕ ಹೋಗತೀರಿ?" ಎಂದೆ. "ಕೈ ಹಚ್ಚಿ ನೋಡಿದ್ರ ಗೊತ್ತಾಗೂದಿಲ್ಲೇನು? ಲಗೂ ಮಾಡ್ರಿ ಚಾಚಾ, ಅಲ್ಲೆ ಅವರು ಒಬ್ಬರ ಮಲಗ್ಯಾರ."

ಸುತ್ತಲಿನವರು ನಮ್ಮನ್ನೇ ನೋಡುತ್ತಿದ್ದರು. ಚಾಚಾ ಒಂದು ಗಳಿಗೆ ನಿಂತರು. ತಿರುಗಿ ಬಂದು ಬಲಗೈಯನ್ನು ಒಳಗೆ ಚಾಚಿ ಪೈಪು ಹಿಡಿದರು. ಎಲ್ಲ ಮೆಕ್ಯಾನಿಕ್ಕರೂ ಬೆರಳು ತಾಗಿಸಿ ಚಟ್ಟನೆ ತೆಗೆಯುತ್ತಾರೆ. ಇವರು ಹಿಡಿದೇ ಇದ್ದರು. ನಿಧಾನವಾಗಿ ಮುಖ ಬಗ್ಗಿಸಿ ಕೆನ್ನೆಯನ್ನು ಪೈಪಿನ ಹತ್ತಿರ ಒಯ್ದರು. ಆಮೇಲೆ ಎರಡನೆಯದನ್ನು ಹಿಡಿದರು. "ಎರಡೂ ಕಾದಾವು," ಎಂದು ಕೈ ಹೊರಗೆ ತೆಗೆದಾಗ ಎರಡು ಬೆರಳುಗಳ ಒಳಬದಿ ಬೆಳ್ಳಗಾಗಿತ್ತು.

"ಅಯ್ಯೋ, ಕೈ!" ಎಂದೆ.

ಅವರು ತಮ್ಮ ಕೈಯನ್ನು ಬೇರೆ ಯಾರದೋ ಸ್ಪ್ಯಾನರ್ ನೋಡಿದ ಹಾಗೆ ತಿರುಗಿಸಿ ನೋಡಿದರು. "ಏನೂ ಆಗಿಲ್ಲ ಬಿಡ್ರಿ," ಎಂದು ಅರಿವೆಯಿಂದ ಒರೆಸಿಕೊಂಡರು. ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ, ಬಾಗಿಲು ತಿರುಗಿಸುವ ಪುಟ್ಟ ಮೋಟರನ್ನು ಬಿಚ್ಚಿ, ಹಲ್ಲು ಸವೆದ ಚಕ್ರ ಬದಲಿಸಿದರು. ಗಾಳಿ ತಂಪಾಯಿತು. ನಾನು ಹೊರಟುಬಿಟ್ಟೆ.

ಸಂಜೆ ಮನೆಯಲ್ಲಿ ಇದನ್ನೆಲ್ಲ ಮನೆಯವರಿಗೆ ಹೇಳಿದೆ. "ಸುಟ್ಟ ಮ್ಯಾಲೂ ಕೈ ಎಳಕೊಳ್ಳಲಿಲ್ಲೇನು?" ಎಂದರು. "ಇಲ್ಲ." "ಹಂಗಾದ್ರ ಅವರಿಗೆ ಗೊತ್ತಾಗೂದಿಲ್ಲ. ನನ್ನಂಗ."

ನನಗೆ ಹೊಳೆದೇ ಇರಲಿಲ್ಲ. ಆ ಥರ್ಮಾಮೀಟರ್, ಆ ಕೆನ್ನೆ...

ಶುಕ್ರವಾರ ಥೆರಪಿ ಮುಗಿಸಿ ಇಬ್ಬರೂ ಆಟೋ ನಗರಕ್ಕೆ ಹೋದೆವು. ಮನೆಯವರು ಕಿಟಕಿ ಇಳಿಸಿ ಚಾಚಾನನ್ನು ಹತ್ತಿರ ಕರೆದು ನೇರವಾಗಿ ಕೇಳಿದರು. ಚಾಚಾ ಮೊದಲು ನನ್ನ ಮುಖ ನೋಡಿದರು, ಆಮೇಲೆ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು. ಸಕ್ಕರೆ ಕಾಯಿಲೆ ಹಳೆಯದು. ಬೆರಳು ಸತ್ತು ಕೆಲವು ವರ್ಷ ಆಗಿತ್ತು. "ಯಾರಿಗೂ ಹೇಳಬ್ಯಾಡ್ರಿ. ಬಿಸಿ-ಥಂಡಿ ತಿಳೀಲಾರದಾಂವ ಏಸಿ ರಿಪೇರಿ ಮಾಡತಾನ ಅಂದ್ರ ನಗತಾರ," ಎಂದರು.

ಬೆರಳಿಗೆ ಅರಿಸಿನ ಮೆತ್ತಿ ಬಟ್ಟೆ ಸುತ್ತಿದ್ದರು. ಬಿಚ್ಚಿಸಿ ನೋಡಿದೆ. ನೋವಿಲ್ಲದ ಗಾಯ ಏನು ಮಾಡುತ್ತದೆ ಎಂದು ನನಗೆ ಗೊತ್ತಿತ್ತು. ದಿನವೂ ಮನೆಯವರ ಬೆನ್ನು, ಹಿಮ್ಮಡಿ ತಿರುಗಿಸಿ ನೋಡುವವಳು ನಾನು. ಇವತ್ತೇ ಆಸ್ಪತ್ರೆಗೆ ನಡೆಯಿರಿ, ನಾನೇ ಒಯ್ಯುತ್ತೇನೆ ಎಂದೆ.

"ನೋವಽ ಇಲ್ಲಲ್ರಿ."

"ನೋವಿಲ್ಲಂತನಽ ಹೇಳಾಕತ್ತೇನಿ!"

"ಸೀಜನ್ ಐತಿ ಬಾಯಾರ. ಮಳಿ ಹಿಡದ ಮ್ಯಾಲ ಹೋಗತೇನಿ."

ಮುಂದಿನ ಮಂಗಳವಾರವೂ ಅದೇ ಮಾತು, ಅದರ ಮುಂದಿನ ಶುಕ್ರವಾರವೂ ಅದೇ. ಒಂದು ಸಲ ದನಿ ಏರಿಸಿದೆ. ಅವರೂ ಏರಿಸಿದರು. "ಇದೇನು ನಿಮ್ಮ ಸಾಲಿ ಅಲ್ಲ, ನಾನೇನು ಹುಡುಗ ಅಲ್ಲ!" ಮನೆಯವರು ಮೆತ್ತಗೆ ಹೇಳಿ ನೋಡಿದರು. ಅವರ ಮಾತಿಗೆ ತಲೆಯಾಡಿಸುವರು, ಮರುಗಳಿಗೆ ಯಾವುದೋ ಬಾನೆಟ್ಟಿನೊಳಗೆ ತೂರುವರು. ಗೊತ್ತಿದ್ದೂ, ಕಣ್ಣೆದುರೇ ಕಪ್ಪಾಗುತ್ತಿರುವ ಬೆರಳನ್ನು ನೋಡಿ ಮರಳುವುದಿದೆಯಲ್ಲ... ಅಂಥ ಅಸಹಾಯಕ ಸಿಟ್ಟನ್ನು ನಾನು ಗಂಡ ಬಿದ್ದ ದಿನವೂ ಉಂಡಿರಲಿಲ್ಲ.

ಮಳೆ ಹಿಡಿಯಿತು. ಅವರು ಆಸ್ಪತ್ರೆಗೆ ಹೋದರು. ಎರಡು ಬೆರಳು ತೆಗೆದರು. ಬಲಗೈಯವು.

ಶೆಡ್ಡಿಗೆ ಬೀಗ ಬಿತ್ತು. ಬೆಳಗಾವಿಯ ರವಿವಾರ ಪೇಟೆ ಬೀದಿಯ ಹಿಂದಿನ ಓಣಿಯಲ್ಲಿ ಅವರ ಮನೆ. ಕಾರನ್ನು ಓಣಿಯ ಬಾಯಿಗೆ ನಿಲ್ಲಿಸಿ, ಮನೆಯವರನ್ನು ಅದರಲ್ಲೇ ಕೂರಿಸಿ ನಾನೊಬ್ಬಳೇ ಒಳಗೆ ಹೋದೆ. ಅವರ ಹೆಂಡತಿ ಚಹಾ ತಂದಿಟ್ಟರು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಶುರು ಮಾಡಿದೆ, ಅಂದು ನಾನು ಹಾಗೆ ಹೇಳಬಾರದಿತ್ತು, ನನ್ನಿಂದ...

ಚಾಚಾ ಎಡಗೈ ಎತ್ತಿ ತಡೆದರು. "ನೀವು ಹೇಳಿದ್ರಂತ ನಾ ಕೈ ಹಚ್ಚಿಲ್ಲ. ಕೈ ಹಚ್ಚಾಕ ಯಾಕ ಹಿಂದ ಮುಂದ ನೋಡತಾನ ಅಂತ ಅಲ್ಲಿದ್ದಾವರಿಗೆ ಗೊತ್ತಾಗಬಾರದಂತ ಹಚ್ಚೀನಿ. ಅದು ನನ್ನ ತಪ್ಪು. ನೀವು ತಗೋಬ್ಯಾಡ್ರಿ ಅದನ್ನ."

ಚಹಾ ಮುಗಿಸಿ, "ಸಾಹೇಬ್ರು ಗಾಡ್ಯಾಗ ಅದಾರೇನು?" ಎಂದು ಎದ್ದರು. ಓಣಿಯುದ್ದಕ್ಕೂ ಗೋಡೆ ಹಿಡಿದು ನಡೆದು ಬಂದು, ಕಾರಿನೊಳಗೆ ಕೂತು, ಕಿಂಡಿಗೆ ಕೆನ್ನೆ ಕೊಟ್ಟು ಕಣ್ಣು ಮುಚ್ಚಿದರು. ಮನೆಯವರು ನಗುತ್ತ, "ಎಷ್ಟೈತಿ ಚಾಚಾ?" ಎಂದು ಕೇಳಿದರು. "ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬಾಯಾರನ್ನ ಕೇಳೂಣು," ಎಂದರು ಚಾಚಾ. ಇಬ್ಬರೂ ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಮನೆಯವರು ಅವರಿಗೆ ಫೋನ್ ಮಾಡುತ್ತಿದ್ದರು. ಸ್ಪೀಕರ್ ಹಾಕಿಕೊಂಡು ಇಬ್ಬರೂ ತಮ್ಮ ಗಾಯಗಳ ಸುದ್ದಿ ಹೇಳಿಕೊಳ್ಳುತ್ತಿದ್ದರು, ಬೇರೆಯವರು ಬೆಳೆಯ ಸುದ್ದಿ ಹೇಳಿಕೊಂಡಂತೆ. ಚಳಿಗಾಲದ ಒಂದು ಭಾನುವಾರ ಫೋನನ್ನು ಅವರ ಹೆಂಡತಿ ಎತ್ತಿದರು. ಹೃದಯಾಘಾತವಾಗಿತ್ತಂತೆ. ನೋವು ಅಂತ ಅನ್ನಲೇ ಇಲ್ಲ, ಬರೀ ಸುಸ್ತು ಅಂದರು, ಎಂದು ಆಕೆ ಅಳುತ್ತ ಹೇಳಿದರು. ಮಣ್ಣು ಮುಗಿದು ಮೂರು ದಿನವಾಗಿತ್ತು.

ಈಗ ಆ ಶೆಡ್ಡಿನಲ್ಲಿ ಟೈರಿನ ಅಂಗಡಿ ಇದೆ. ನಮ್ಮ ಕಾರನ್ನು ಬೇರೆ ಯಾರೋ ನೋಡುತ್ತಾರೆ. ಕೆಲಸ ಬಲ್ಲವರೇ, ತಪ್ಪು ಹೇಳಲಾರೆ. ಆದರೆ ಯಾರೂ ನನ್ನನ್ನು ಕೂರಿಸಿ, ಏನೇನಾಯಿತು ಎಂದು ಕೇಳುವುದಿಲ್ಲ.

ಹೋದ ವಾರ, ಹಬೆಯೇಳುವ ಆ ಕಾರನ್ನು ದಾಟಿದ ಮೇಲೆ, ಮನೆಯವರು ಪಕ್ಕದ ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು, "ಬೆರಳಿಂದು ಅವರು ಮೊದಲಽ ಹೇಳಿದ್ರ, ಅವತ್ತು ಥರ್ಮಾಮೀಟರ್ ತರೂತನಕ ನೀ ಕಾಯತಿದ್ದಿ ಅಲ್ಲಾ?"

"ಹೂಂ, ಕಾಯತಿದ್ದೆ," ಎಂದೆ.

ಅವರಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಬೆರಳಿಗೆ ಬಿಸಿ ತಿಳಿಯದು ಎಂದು ಚಾಚಾ ಮೊದಲೇ ಹೇಳಿದ್ದರೆ ನಾನು ಅವತ್ತು ಕಾಯುತ್ತಿರಲಿಲ್ಲ. ಅದಕ್ಕೂ ಮೊದಲೇ ಕಾರು ತಿರುಗಿಸಿಕೊಂಡು ಬೇರೆ ಅಂಗಡಿಗೆ ಹೋಗಿರುತ್ತಿದ್ದೆ. ಅದು ನನಗೆ ಗೊತ್ತು. ಚಾಚಾನಿಗೂ ಗೊತ್ತಿತ್ತು.