ಕಾಕಾ ಕೇಳಿದ ಅಮಾವಾಸ್ಯೆ

ಉತ್ತರಪತ್ರಿಕೆ ತಿದ್ದಿ ತಿದ್ದಿ ಬೆರಳಿಗೆಲ್ಲ ಕೆಂಪು ಮಸಿ ಅಂಟಿದೆ. ಪ್ರಶ್ನೆ ಒಂದು ಹಳೆಯ ನಗೆ ಕಾದಂಬರಿಯದು: ಅದರಲ್ಲಿ ಬರುವ ಕತ್ತಲೆಯ ಚಿತ್ರಗಳನ್ನು ವಿವರಿಸಿರಿ. ನಮ್ಮ ರಾಮದುರ್ಗದ ಹುಡುಗರೆಲ್ಲ ಒಂದೇ ಗೈಡು ಓದಿದ್ದಾರೆ. ‘ಕತ್ತಲೆಯೆಂದರೆ ಅಜ್ಞಾನ’ ಎಂದು ಒಕ್ಕೊರಲಿನಿಂದ ಬರೆದಿದ್ದಾರೆ. ಅವರನ್ನೇಕೆ ಅನ್ನಲಿ? ಗೈಡು ಮೀರಿ ಪಾಠ ಹೇಳುವ ಕಸುವು ನನ್ನಲ್ಲೂ ಉಳಿದಿಲ್ಲ. ಬೇಸತ್ತು ಕಪಾಟಿನಿಂದ ಮೂಲ ಪುಸ್ತಕವನ್ನೇ ತೆಗೆದೆ. ಹುಳು ಹತ್ತದಿರಲೆಂದು ಕಾಕಾ ಇಟ್ಟಿದ್ದ ಬೇವಿನೆಲೆ ಪುಡಿಯಾಗಿ ಮಡಿಲಿಗೆ ಉದುರಿತು. ಆ ಕಹಿ ವಾಸನೆಗೆ ಸುರೇಬಾನದ ಮನೆ ನೆನಪಾಯಿತು.

ಕಾಕಾ ಅಲ್ಲಿನ ಸಾಲೆಯಲ್ಲಿ ಕನ್ನಡ ಮಾಸ್ತರರಾಗಿದ್ದರು. ನಿವೃತ್ತಿಯ ಹೊತ್ತಿಗೆ ಕಣ್ಣು ಮಂಜಾಗುತ್ತ ಬಂದು ಕಡೆಗೆ ಪೂರ್ತಿ ಹೋದವು. ಅವರು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಊಟವನ್ನು ಮಾತ್ರ ಒಳಕೋಣೆಗೆ ತರಿಸಿಕೊಂಡು, ಬಾಗಿಲು ಮುಂದೆ ಮಾಡಿಕೊಂಡು ಉಣ್ಣತೊಡಗಿದರು. ಸಾರು ಅಂಗಿಯ ಮೇಲೆ ಚೆಲ್ಲುವುದನ್ನು ಯಾರೂ ನೋಡಬಾರದು. ಪಂಕ್ತಿಯಲ್ಲಿ ಕೂತು ಎಲ್ಲರನ್ನೂ ನಗಿಸುತ್ತಿದ್ದ ಮನುಷ್ಯ, ನೀವೇ ಯೋಚಿಸಿ. ತಾಟು ಹೊತ್ತು ಒಳಗೆ ಹೊರಗೆ ತಿರುಗಿ ಕಾಕಿಯ ಮುಖ ಬಾಡಿಹೋಯಿತು.

ರವಿವಾರಗಳಂದು ನಾನು ಬಸ್ಸು ಹಿಡಿದು ಹೋಗಿ ಅವರಿಗೆ ಪುಸ್ತಕ ಓದಿ ಹೇಳುತ್ತಿದ್ದೆ. ಅವರ ಮೆಚ್ಚಿನದೆಂದು ಈ ಕಾದಂಬರಿಯನ್ನೇ ಹಿಡಿದೆ. ತೊಂದರೆಯೆಂದರೆ ಇದರ ನಗೆಯೆಲ್ಲ ಹುಟ್ಟುವುದು ರಾತ್ರಿಯಲ್ಲಿ. ನಾಯಕ ಎಮ್ಮೆಯನ್ನು ಭೂತವೆಂದು ತಿಳಿದು ಓಡುತ್ತಾನೆ, ಕಣದ ಹೊಟ್ಟಿನಲ್ಲಿ ಬೀಳುತ್ತಾನೆ. ಕಾಕಿ ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು: “ಕತ್ತಲಿ ಬಂದಲ್ಲೆ ಜಿಗಿಸಿ ಓದೋ ತಮ್ಮಾ. ಮದಲ ನೊಂದಾರ.”

ಹಾಗೇ ಓದಿದೆ. ಆರಿದ ದೀಪ, ಕಾಣದ ಹಾದಿ, ಮೋಡ ಮುಚ್ಚಿದ ಚಿಕ್ಕೆಗಳು, ಎಲ್ಲ ಬಿಟ್ಟೆ. ಹಾಡುಹಗಲಿನಲ್ಲಿ ಒಬ್ಬ ಸುಮ್ಮಸುಮ್ಮನೆ ಬಿದ್ದೆದ್ದು ಹೋಗುವ ಕತೆಯಾಯಿತು ಅದು. ಕಂಬಕ್ಕೊರಗಿ ಕೇಳುತ್ತಿದ್ದ ಕಾಕಾ, ನಾಯಕ ನೆರೆಮನೆ ಹೊಕ್ಕಲ್ಲಿ ಕೈಯೆತ್ತಿ ತಡೆದರು.

“ಅಲ್ಲೊಂದ ಅಮಾಸಿ ಇತ್ತಲ್ಲೋ. ಎಲ್ಲಿ ಹೋತು?”

ಒಳಗೆ ಕಾಕಿ ರೊಟ್ಟಿ ಬಡಿಯುವ ಸದ್ದು ನಿಂತಿತು.

“ನಿಮ್ಮ ಕಾಕಿ ಹೇಳಿರಬೇಕು,” ಎಂದರು ಕಾಕಾ ಮೆಲ್ಲಗೆ. “ಕತ್ತಲಿ ತಗದ್ರ ಆ ಪುಸ್ತಕದಾಗ ನಗೂದರ ಯಾತಕ್ಕ? ಕಣ್ಣ ಕಾಣಸ್ತಿದ್ರ ಅಂವ ಯಾರಿಗೆ ಬೇಕಾಗಿದ್ದ? ಇದ್ದದ್ದ ಇದ್ದಂಗ ಓದು.”

ಓದಿದೆ. ಅಮಾವಾಸ್ಯೆಯಲ್ಲಿ ಮನೆ ತಪ್ಪಿದ ನಾಯಕ ನೆರೆಯವರ ಪಡಸಾಲೆಯಲ್ಲಿ ಕೂತು ಊಟಕ್ಕೆ ಕೂಗುತ್ತಾನೆ. ದೀಪ ಆರಿದ ಮನೆ. ಆ ಗೃಹಿಣಿ ತನ್ನ ಮೈದುನನೇ ಬಂದನೆಂದು ಬಡಿಸುತ್ತಾಳೆ. ಈತ ಉಂಡು, ಇಂದಿನ ಅಡಿಗೆ ಎಂದಿಗಿಂತ ರುಚಿಯಾಗಿದೆ ಎಂದು ಹೊಗಳುತ್ತಾನೆ. ಕಾಕಾ ಕೆಮ್ಮು ಬರುವತನಕ ನಕ್ಕರು.

“ಮನಿ ತಪ್ಪಿದ್ರೂ ಊಟ ತಪ್ಪಲಿಲ್ಲ ನೋಡು ಅವಂಗ,” ಎಂದರು. ಆಮೇಲೆ ಒಳಗೆ ಕೇಳುವಂತೆ ಹೇಳಿದರು: “ನನ್ನ ತಾಟೂ ಇಲ್ಲೇ ಇಡು. ಇವನ ಬಾಜೂಕ.”

ಅವರ ಕೈ ತಡವುತ್ತ ಬಂದು ನನ್ನ ತಾಟಿನ ರೊಟ್ಟಿಯನ್ನೇ ಮುರಿಯಿತು. ಸಾರು ಚೆಲ್ಲಿತು, ಕಾಕಿ ಒರೆಸಿದಳು. ಬದುಕಿರುವತನಕ ಅವರು ಮತ್ತೆ ಒಳಕೋಣೆಯಲ್ಲಿ ಉಣ್ಣಲಿಲ್ಲ.

ಕಾಕಾ ಹೋಗಿ ವರ್ಷಗಳಾದವು. ಉತ್ತರಪತ್ರಿಕೆಗಳನ್ನು ಬದಿಗೆ ಸರಿಸಿ ಕಾಕಿಗೆ ಫೋನು ಹಚ್ಚಿದೆ. ದಣಿದ ದನಿಯಲ್ಲಿ ಮೊಣಕಾಲಿನ ಸುದ್ದಿ, ನಳದ ನೀರಿನ ಸುದ್ದಿ ಹೇಳಿದಳು. ಆ ಪುಸ್ತಕ ಕೈಯಲ್ಲಿದೆಯೆಂದೆ.

“ಆ ಮನಶ್ಯಾ ಉಂಡ ಮ್ಯಾಲೆ ತನ್ನ ಮನಿಗಿ ಹೆಂಗ ಹ್ವಾದಾ?” ಎಂದು ಕೇಳಿದಳು. “ನಾ ಅವತ್ತ ತಾಟ ತರಾಕ ಎದ್ದಿದ್ನಿ. ಮುಂದಿಂದು ಕೇಳಲೇ ಇಲ್ಲ.”

“ಈಗ ಓದತೇನ್ರಿ ಕಾಕಿ.”

“ತಡಿ ಹಂಗಾರ. ಗ್ಯಾಸ್ ಬಂದ್ ಮಾಡಿ ಬರತೇನಿ. ಕುಂತ ಕೇಳತೇನಿ.”

ಎಷ್ಟೋ ವರ್ಷ ಪಾಠ ಹೇಳಿದ ಪುಸ್ತಕ. ಆದರೂ ಅವಳು ಕುರ್ಚಿ ಎಳೆದುಕೊಳ್ಳುವ ಸದ್ದಿಗೆ ಕಾಯುತ್ತ, ಮುಂದೇನಾಯಿತೋ ಎಂಬ ಆತುರದಿಂದ ನಾನು ಪುಟ ತಿರುವಿದೆ.