ಶಿಂಷಾ ದಂಡೆಯ ಹುಳಿವಾಸನೆ

ಸಿದ್ದಮ್ಮನ ಹೆಸರು ಕೆಡಿಸಿದವಳು ನಾನು. ಹೊಳೆಯ ನೀರು ಕೆಡಿಸಿದ್ದು ನಮ್ಮ ಮಿಲ್ಲು, ಮಾತು ಬಂದದ್ದು ಅವಳ ಮೇಲೆ — ಬರುವ ಹಾಗೆ ಮಾಡಿದ್ದು ನನ್ನ ಈ ಹಾಳು ಬಾಯಿ.

ಮದ್ದೂರಿನಲ್ಲಿ ಶಿಂಷಾ ದಂಡೆಗೆ ಆಗ ಅಕ್ಕಿ ಮಿಲ್ಲುಗಳಿದ್ದವು. ನನ್ನ ಗಂಡನದೂ ಒಂದು. ಕುಸುಬಲಕ್ಕಿಗೆಂದು ಭತ್ತ ನೆನೆಸಿ ಹುಳಿಬಂದ ನೀರನ್ನು ಯಾರಿಗೂ ಕಾಣದ ಹಾಗೆ ಮೋರಿ ಮಾಡಿ ಹೊಳೆಗೆ ಬಿಡುತ್ತಿದ್ದರು. ಅದರ ಕೆಳಗೇ ಸಿದ್ದಮ್ಮನ ಒಗೆಯುವ ಕಲ್ಲು. ನಮ್ಮ ಬೀದಿಯ ಬಟ್ಟೆಯೆಲ್ಲ ಅವಳೇ ಒಗೆಯುತ್ತಿದ್ದಳು. ಒಂದು ಬೇಸಿಗೆ ಹೊಳೆ ಇಳಿಯಿತು, ಅವಳು ಮಡಿಸಿ ತಂದ ಬಟ್ಟೆ ಹುಳಿಹುಳಿ ನಾರತೊಡಗಿತು. ಹೆಂಗಸರು ನಮ್ಮ ಜಗಲಿಯಲ್ಲಿ ಕೂತು ಸೀರೆ ಮೂಸಿ ಮೂಸಿ ನೋಡಿದರು. ಒಬ್ಬಳ ಕಣ್ಣು ನಮ್ಮ ಮಿಲ್ಲಿನ ಕಡೆ ಹೋಯಿತು.

"ಸೋಪು ಉಳ್ಸೋಕೆ ಅದೇನೋ ಪುಡಿ ಆಕ್ತಾಳಂತೆ ಕಣಮ್ಮ," ಅಂದುಬಿಟ್ಟೆ.

ಅಷ್ಟೇ. ಒಂದೊಂದೇ ಮನೆ ಅವಳಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿತು. ನಾನು ಮಾತ್ರ ನಿಲ್ಲಿಸಲಿಲ್ಲ. ಪಾಪ, ಅವಳ ಹೊಟ್ಟೆಪಾಡು ನಡೆಯಲಿ ಎಂದು — ಹಾಗಂತ ನನಗೆ ನಾನೇ ಹೇಳಿಕೊಂಡೆ. ಆದರೂ ಅವಳು ಗಂಟು ಇಳಿಸುವಾಗಲೆಲ್ಲ ಮುಖ ನೋಡುತ್ತಿದ್ದೆ. ಇವಳಿಗೆ ಗೊತ್ತಾಗಿದೆಯೋ... ಯಾರ ಹತ್ತಿರವಾದರೂ ಬಾಯಿ ಬಿಟ್ಟಿದ್ದಾಳೋ... ನಗದಿದ್ದರೂ ಅನುಮಾನ, ನಕ್ಕರೆ ಇನ್ನೂ ಅನುಮಾನ.

ಈಗ ಮಿಲ್ಲಿಲ್ಲ, ನನ್ನ ಗಂಡನೂ ಇಲ್ಲ. ಆ ಜಾಗದಲ್ಲಿ ಕಲ್ಯಾಣ ಮಂಟಪ ಎದ್ದಿದೆ. ಒಗೆಯುವ ಕಲ್ಲು ಕಿತ್ತು, ಟೈಲ್ಸ್ ಹಾಕಿ, ವಾಕಿಂಗ್ ದಾರಿ ಮಾಡಿದ್ದಾರೆ. ಮೊನ್ನೆ ಅಲ್ಲಿನ ಬೆಂಚಿನ ಮೇಲೆ ಸಿದ್ದಮ್ಮ ಕೂತಿದ್ದಳು. ದಂಡೆ ಚೆನ್ನಾಗಾಯಿತಲ್ಲ, ಎಂದೆ — ಅವಳ ಬಾಯಿ ಬಿಡಿಸೋಣ ಎಂದೇ.

ಅವಳು ಹೊಳೆ ನೋಡುತ್ತಲೇ ಹೇಳಿದಳು: "ಪುಡಿ ಆಕ್ತಾಳೆ ಅಂದೋರೂ ನೀವೇ, ಬಟ್ಟೆ ಕೊಟ್ಟೋರೂ ನೀವೇ. ನೀರು ಕೆಡ್ಸಿದ್ದು ನಿಮ್ ಮಿಲ್ಲೇ ಅಂತ ಅವತ್ತೇ ಅನ್ಮಾನ ಬಂತು ಕಣ್ರವ್ವ."

ಮತ್ತೆ ಯಾಕೆ ಕೇಳಲಿಲ್ಲ ಸಿದ್ದಮ್ಮ, ಎಂದೆ.

"ಕೇಳಿದ್ರೆ ನಿಮ್ಮನೆ ಬಟ್ಟೇನೂ ಓಗ್ತಿತ್ತಲ್ವಾ."

ದಯೆ ಅಂದುಕೊಂಡಿದ್ದೆ ನಾನು. ಇಷ್ಟು ವರ್ಷ ಅವಳ ಬಾಯಿ ಕಟ್ಟಿದ್ದೇ ಅದು. ನನಗೆ ನಾಚಿಕೆಯಾಗುತ್ತದೆ.

ಅಂದು ಜಗಲಿಯಲ್ಲಿದ್ದ ಹೆಂಗಸರು ಕೆಲವರು ಇನ್ನೂ ಇದ್ದಾರೆ. ಬೆಳಿಗ್ಗೆ ಅದೇ ದಾರಿಯಲ್ಲಿ ನಡೆಯಲು ಬರುತ್ತಾರೆ. ನಾಳೆ ಸಿದ್ದಮ್ಮನ ಪಕ್ಕದಲ್ಲಿ ಕೂತು ಅವರನ್ನು ಕರೆದು ಮೋರಿಯ ವಿಷಯ ಹೇಳುತ್ತೇನೆ.